ಒಂಬತ್ತಿಂಚಿಗೆ ಒಂದು ನೂಲು ಕಮ್ಮಿ

ಹನ್ನೆರಡು ಪ್ಯಾಂಟು ಸ್ಯಾಂಪಲ್ಲಿಗೆ ಹೋದವು ಇವತ್ತು
ಬಳ್ಳಾರಿ ಕೌಲ್ ಬಜಾರಿನ ನಮ್ಮ ತಗಡಿನ ಶೆಡ್ಡಿನಿಂದ
ಸ್ಯಾನ್ ಫ್ರಾನ್ಸಿಸ್ಕೊ ಎಂಬ ಊರಿಗೆ.
ಜೀನ್ಸ್ ಹುಟ್ಟಿದ್ದೇ ಅಲ್ಲಂತೆ.
"ಹಂಗಾದ್ರ ತವರಿಗೆ ಹೊಂಟಾವು" ಅಂದಳು ಶಾಹೀನ
ಗುಂಡಿ ಒತ್ತುವ ಮಷಿನ್ನಿನಿಂದ ತಲೆ ಎತ್ತದೆ.

ಎಷ್ಟು ದೂರ ಮಾಸ್ತರ್?
ಕೇಳಿದವಳು ನಾನು, ಹುಲಿಗೆಮ್ಮ.
ದಿನಕ್ಕೆ ಮುನ್ನೂರು ಪ್ಯಾಂಟಿನ ದಾರದ ಬಾಲ ಕತ್ತರಿಸುತ್ತೇನೆ,
ಹಬ್ಬಕ್ಕೂ ನೀಲಿ ಬಿಡದ ಬೆರಳು.

ಹೊನ್ನೂರ್ವಲಿ ಮಾಸ್ತರ್ ಮೊದಲು
ಗೋಡೆಯ ನಕ್ಷೆಗೇ ಟೇಪು ಹಿಡಿದರು.
ಅರಬ್ಬಿ ಸಮುದ್ರ, ಆಫ್ರಿಕದ ನೆತ್ತಿ, ಆಚೆ ಇನ್ನೊಂದು ಕಡಲು,
ಬಳಪದಲ್ಲಿ ಗೆರೆ ಹೊಡೆದಷ್ಟು ನೆಟ್ಟಗೆ.
ಆಮೇಲೆ ತಾವೇ ನಾಲಗೆ ಕಚ್ಚಿಕೊಂಡು
"ಥೋ, ತಪ್ಪು. ಬಟ್ಟಿ ಮೇಜಿನ ಮ್ಯಾಲ ಚಪ್ಪಟಿ,
ಸೊಂಟ ದುಂಡಗೈತಿ.
ಮೇಜಿನ ಅಳತಿ ಸೊಂಟಕ್ಕ ಕೂಡ್ತದೇನವ್ವ?"

ಮರುದಿನ ವಗ್ಗರಣಿ ಮಿರ್ಚಿಯ ಪೊಟ್ಟಣದ ಜೊತೆ
ಮಗಳ ಗ್ಲೋಬು ಬಂತು,
ದಕ್ಷಿಣ ಧ್ರುವಕ್ಕೆ ಸೆಲ್ಲೋಟೇಪು ಸುತ್ತಿದ್ದು.
ಜೇಬಿನಂಚಿಗೆ ಹೊಲಿಯುವ ಹಳದಿ ದಾರದ ತುದಿಯನ್ನು
ಬೆಂಗಳೂರಿನ ಮೇಲಿಟ್ಟು ಹೆಬ್ಬೆರಳು ಒತ್ತಿ
ಇನ್ನೊಂದು ತುದಿ ನನಗೆ ಕೊಟ್ಟರು.
ಎಳಿ. ಇನ್ನೂ ಎಳಿ.

ಎಳೆದೆ.
ದಾರ ತಾನಾಗಿ ಜಾರಿತು,
ಕಡಲುಗಳ ಗೊಡವೆ ಬಿಟ್ಟು, ಬೆಟ್ಟಗಳನ್ನು ದಾಟಿ,
ಯಾರೂ ಇರದ ಬಿಳಿಯ ಹತ್ತಿರ
ಬಿಗಿದು ನಿಂತಿತು.
ವಿಮಾನಕ್ಕೂ ಅದೇ ಹಾದಿಯಂತೆ.
ನಾವು ನಕ್ಷೆ ನೋಡಿ ಹುಡುಕಿದ್ದ ಹತ್ತಿರದ ದಾರಿ
ಬಿಗಿದ ದಾರಕ್ಕೆ ಮೊದಲೇ ಗೊತ್ತಿತ್ತು.

ಒಂಬತ್ತಿಂಚು, ಒಂದು ನೂಲು ಕಮ್ಮಿ.
ನೂಲಿಗೆ ಇನ್ನೂರು ಕಿಲೋಮೀಟರು ಹಿಡಿದರೆ
ಹದಿನಾಲ್ಕು ಸಾವಿರ, ಚೂರು ಹೆಚ್ಚುಕಮ್ಮಿ.
ಹಾರಲು ಹದಿನಾರೂವರೆ ತಾಸು.
ಆದರೆ ಮಧ್ಯಾಹ್ನ ಎರಡೂವರೆಗೆ ಬಿಟ್ಟ ವಿಮಾನ
ಅಲ್ಲಿ ಇಳಿಯುವುದು ಅದೇ ದಿನ, ಅದೇ ತಾರೀಖು,
ಸಂಜೆ ಐದೂವರೆಗೆ!
ಶಾಹೀನ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದಳು:
"ಹದಿನಾರೂವರೆ ತಾಸು ಮೈಗೆ, ಗಡಿಯಾರಕ್ಕ ಮೂರೇ ತಾಸು.
ಮಾಲೀಕರಿಗೆ ಹೇಳಬ್ಯಾಡ್ರಿ ಮಾಸ್ತರ್,
ನಾಳೆನೇ ಆ ಗಡಿಯಾರ ತರಿಸಿ ಗ್ವಾಡಿಗೆ ಹೊಡಿತಾರ."
ಮಷಿನ್ನುಗಳು ನಿಂತು ನಕ್ಕವು.

ಬಳ್ಳಾರಿಯಿಂದ ಬೆಂಗಳೂರು ಒಂದೂವರೆ ನೂಲು.
ಅದಕ್ಕೆ ಇಡೀ ರಾತ್ರಿಯ ರೈಲು.
ಗುಂತಕಲ್ಲಿನಲ್ಲಿ ಪ್ಯಾಂಟಿನ ಪೆಟ್ಟಿಗೆಯನ್ನು ತಬ್ಬಿಕೊಂಡು
ಎಚ್ಚರವಿದ್ದನಂತೆ ನಮ್ಮ ಹುಡುಗ.

ಸಿರುಗುಪ್ಪ ಎಲ್ಲೈತಿ ಇದರಾಗ, ಕೇಳಿದೆ,
ಸುಮ್ಮನೆ ಕೇಳಿದ ಹಾಗೆ.
"ಇಲ್ಲೇ, ನನ್ನ ಹೆಬ್ಬಟ್ಟಿನ ಕೆಳಗ.
ಬಳ್ಳಾರಿನೂ ಇಲ್ಲೇ, ತುಂಗಭದ್ರೆಯ ಎರಡೂ ದಂಡಿ ಇಲ್ಲೇ.
ಭಾಳ ಅಂದ್ರ ಕಾಲು ನೂಲು."

ಕಾಲು ನೂಲು.
ಬಸ್ಸಿಗೆ ಒಂದೂವರೆ ತಾಸು,
ದಾರಿಯುದ್ದಕ್ಕೂ ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಹೊಗೆ.
ನಾನು ಹೊರಟು ನಾಲ್ಕು ವರ್ಷ ಎರಡು ತಿಂಗಳಾಯಿತು,
ಇನ್ನೂ ತಲುಪಿಲ್ಲ.
ಅಣ್ಣ ಕಾಗದ ತಂದಿದ್ದ. ಸಹಿ ಹಾಕಿದೆ.
ಹಾಕುವ ಮೊದಲು ಒಂದು ಮಾತು ಕೇಳಿದ್ದೆ, ಅಷ್ಟೇ.
ಇದಕ್ಕೆ ಯಾವ ಊರಿನ ಗಡಿಯಾರ ಹಿಡಿಯಬೇಕೋ
ಮಾಸ್ತರಿಗೂ ಗೊತ್ತಿರಲಿಕ್ಕಿಲ್ಲ.

ಕರೆಂಟು ಬಂತು. ಗ್ಲೋಬು ಕಿಟಕಿಗೆ ಹೋಯಿತು,
ಕೋಟೆ ಗುಡ್ಡಕ್ಕೆ ಬೆನ್ನು ಹಾಕಿ ಕೂತಿತು.
ದಾರ ದಂಡ ಮಾಡುವವರಲ್ಲ ಮಾಸ್ತರ್:
ಹದಿನಾಲ್ಕು ಸಾವಿರ ಕಿಲೋಮೀಟರು ಸೂಜಿಗೆ ಪೋಣಿಸಿ
ಯಾವುದೋ ಹುಡುಗನ ಜೇಬಿನ ಮೂಲೆಗೆ ನಾಲ್ಕು ಹೊಲಿಗೆ ಹಾಕಿ
ನನ್ನ ಕಡೆ ಎಸೆದರು.

ಬಾಲ ಕತ್ತರಿಸಿದೆ.
ಬುಡಕ್ಕೇ ಕತ್ತರಿಸಬಾರದು, ಹೊಲಿಗೆ ಬಿಚ್ಚುತ್ತದೆ.
ಕಾಲು ನೂಲು ಬಿಡಬೇಕು.
ಬಿಟ್ಟೆ.